ಬೆಕ್ಕಿನ ಕಿವಿ ನುಸಿಗೆ ಗಿಡಮೂಲಿಕೆ ಮದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆ ಬೆಕ್ಕು ಸಾಕಿದವರು ಕಿವಿ ನುಸಿಯ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಇಷ್ಟನ್ನಾದರೂ ನೆನಪಿಡಿ: ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಕರ್ಪೂರ, ಬೇವಿನೆಣ್ಣೆ, ನೀಲಗಿರಿ ತೈಲ, ಲವಂಗದೆಣ್ಣೆ, ಟೀ ಟ್ರೀ ಎಣ್ಣೆ ಇವ್ಯಾವುದನ್ನೂ ಬೆಕ್ಕಿನ ಕಿವಿಗೆ ಬಿಡಬೇಡಿ. ಆಗಲೇ ಬಿಟ್ಟಿದ್ದರೆ, ಕೆಳಗೆ "ಗೊತ್ತಿಲ್ಲದೆ ಹಾಕಿಬಿಟ್ಟಿದ್ದೇವೆ" ಎಂಬ ಪ್ರಶ್ನೆಯನ್ನು ಮೊದಲು ಓದಿ.

ಬೆಕ್ಕು ಸದಾ ಕಿವಿ ಕೆರೆದುಕೊಳ್ಳುತ್ತೆ, ಒಳಗೆ ಕಪ್ಪು ಗುಗ್ಗೆ ತುಂಬಿದೆ. ಇದು ನುಸಿನೇನಾ?

ಬಹುಮಟ್ಟಿಗೆ ಹೌದು, ಅದರಲ್ಲೂ ಮರಿಯಾಗಿದ್ದರೆ ಅಥವಾ ಹೊರಗೆ ಓಡಾಡುವ ಬೆಕ್ಕಾಗಿದ್ದರೆ. ನುಸಿ ಬಿದ್ದ ಕಿವಿಯ ಗುಗ್ಗೆ ಕಪ್ಪಗೆ, ಪುಡಿಪುಡಿಯಾಗಿ, ಫಿಲ್ಟರಿನಲ್ಲಿ ಉಳಿದ ಕಾಫಿ ಚರಟದ ಹಾಗೆ ಇರುತ್ತದೆ. ಸಾಮಾನ್ಯವಾಗಿ ಎರಡೂ ಕಿವಿಯಲ್ಲಿ ಇರುತ್ತದೆ. ಬೆಕ್ಕು ತಲೆ ಒದರುತ್ತದೆ, ಹಿಂಗಾಲಿನಿಂದ ಕೆರೆದು ಕೆರೆದು ಕಿವಿಯ ಹಿಂದಿನ ಕೂದಲು ಉದುರಿ ಗಾಯವಾಗುತ್ತದೆ. ಕಿವಿಯ ಬುಡವನ್ನು ನೀವು ಮೆಲ್ಲಗೆ ತಿಕ್ಕಿದರೆ ಸಾಕು, ಹಿಂಗಾಲು ತಾನಾಗಿಯೇ ಕೆರೆಯುವಂತೆ ಆಡಲು ಶುರುವಾಗುತ್ತದೆ.

ಆದರೆ ಕಪ್ಪು ಗುಗ್ಗೆಯೆಲ್ಲ ನುಸಿಯಲ್ಲ. ಹಳದಿ ಅಥವಾ ಹಸಿರು ಕೀವು ಬಂದು ಕೆಟ್ಟ ನಾತ ಹೊಡೆದರೆ ಬ್ಯಾಕ್ಟೀರಿಯಾ ಸೋಂಕು. ಕಂದು ಬಣ್ಣದ ಜಿಡ್ಡು, ಹುಳಿ ನಾತ ಇದ್ದರೆ ಮಲಸೀಜಿಯಾ ಎಂಬ ಶಿಲೀಂಧ್ರ ಇರಬಹುದು, ಮಳೆಗಾಲದಲ್ಲಿ ಇದು ಹೆಚ್ಚು. ಒಂದೇ ಕಿವಿಯಲ್ಲಿ ತೊಂದರೆ ಇದ್ದರೆ ಒಳಗೆ ಹುಲ್ಲಿನ ಮುಳ್ಳು ಸೇರಿರಬಹುದು ಅಥವಾ ಗೆಡ್ಡೆ ಬೆಳೆದಿರಬಹುದು. ಕಿವಿಯ ಒಳಗೆ ಏನೂ ಇಲ್ಲದೆ ಹಾಲೆಯ ಅಂಚು, ಹಣೆ, ಮುಖದ ಮೇಲೆ ಬೂದು ಬಣ್ಣದ ದಪ್ಪ ಹೊಪ್ಪಳೆ ಕಟ್ಟಿದ್ದರೆ ಅದು ಬೆಕ್ಕಿನ ಕಜ್ಜಿ. ಅದನ್ನು ತರುವ ನುಸಿಯೇ ಬೇರೆ, ಚರ್ಮವನ್ನು ಕೊರೆದು ಒಳಗೆ ಇರುವಂಥದ್ದು. ಕಿವಿಗೆ ಎಣ್ಣೆ ಬಿಟ್ಟರೆ ಅದಕ್ಕೆ ಏನೂ ಆಗುವುದಿಲ್ಲ, ನೇರ ಡಾಕ್ಟರ ಹತ್ತಿರ ಹೋಗಬೇಕು.

ನುಸಿ ಅಂದರೆ ತೆಂಗಿನಕಾಯಿಗೆ ಬರುತ್ತಲ್ಲ, ಅದೇನಾ?

ಅಲ್ಲ. ಎರಡನ್ನೂ ನುಸಿ ಅಂತಲೇ ಕರೆದರೂ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ತೆಂಗಿನ ನುಸಿ ಕಾಯಿಯ ತೊಟ್ಟಿನ ಅಡಿ ಕೂತು ರಸ ಹೀರುತ್ತದೆ. ಬೆಕ್ಕಿನ ಕಿವಿಯಲ್ಲಿರುವುದು ಒಟೊಡೆಕ್ಟಿಸ್ ಸೈನೋಟಿಸ್. ಎಂಟು ಕಾಲು, ಬಿಳಿ ಬಣ್ಣ, ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಇದು ಚರ್ಮ ಕೊರೆಯುವುದಿಲ್ಲ, ಕಿವಿಯ ಕೊಳವೆಯ ಮೇಲ್ಮೈಯಲ್ಲೇ ಓಡಾಡಿಕೊಂಡು ಗುಗ್ಗೆ, ಸತ್ತ ಚರ್ಮ, ಒಸರುವ ದ್ರವ ತಿಂದು ಬದುಕುತ್ತದೆ.

ಈ ಹೋಲಿಕೆಯನ್ನು ಇಲ್ಲಿ ತಂದದ್ದಕ್ಕೆ ಕಾರಣವಿದೆ. ತೆಂಗಿನ ನುಸಿಗೆ ಬೇವಿನೆಣ್ಣೆ, ಬೆಳ್ಳುಳ್ಳಿ ರಸ, ಸಾಬೂನು ಕಲಸಿ ಸಿಂಪಡಿಸುವುದು ಮಂಡ್ಯದ ತೋಟಗಾರರಿಗೆಲ್ಲ ಗೊತ್ತು. "ಅದೂ ನುಸಿ, ಇದೂ ನುಸಿ" ಅಂದುಕೊಂಡು ಮಿಕ್ಕ ದ್ರಾವಣವನ್ನು ಬೆಕ್ಕಿಗೂ ಸವರಲು ಹೋಗಬೇಡಿ. ಅದರಲ್ಲಿರುವ ಬೇವಿನೆಣ್ಣೆಯೂ ಬೆಳ್ಳುಳ್ಳಿಯೂ ಬೆಕ್ಕಿಗೆ ಕೆಡುಕು.

ಮನೆಯಲ್ಲೇ ನೋಡಿ ಖಚಿತ ಮಾಡಿಕೊಳ್ಳಬಹುದಾ?

ತಕ್ಕಮಟ್ಟಿಗೆ. ಕಿವಿಯ ಬಾಯಲ್ಲಿ ಕಾಣುವ ಗುಗ್ಗೆಯನ್ನು ಹತ್ತಿಯಿಂದ ಒರೆಸಿ ತೆಗೆದು ಕಪ್ಪು ಕಾಗದದ ಮೇಲೆ ಉದುರಿಸಿ. ಬಿಸಿಲಲ್ಲಿ ಅಥವಾ ಟಾರ್ಚ್ ಬೆಳಕಲ್ಲಿ ಒಂದೆರಡು ನಿಮಿಷ ಸುಮ್ಮನೆ ನೋಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಒಳ್ಳೆಯದು. ಬಿಳಿ ಚುಕ್ಕಿಗಳು ಮೆಲ್ಲಗೆ ಜಾಗ ಬದಲಿಸುತ್ತಿದ್ದರೆ ಅನುಮಾನವೇ ಬೇಡ. ಕಾಣಲಿಲ್ಲ ಅಂದಮಾತ್ರಕ್ಕೆ ಇಲ್ಲ ಅಂತಲ್ಲ. ಕೆಲವು ಬೆಕ್ಕುಗಳಿಗೆ ನಾಲ್ಕಾರು ನುಸಿಯಿಂದಲೇ ವಿಪರೀತ ತುರಿಕೆ ಬರುತ್ತದೆ. ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವುದೇ ಕೊನೆಯ ಮಾತು. ಅವರ ಹತ್ತಿರ ಹೋಗುವುದಾದರೆ ಎರಡು ದಿನ ಮುಂಚಿನಿಂದ ಕಿವಿಗೆ ಎಣ್ಣೆ ಬಿಡುವುದು, ಒರೆಸುವುದು ಎರಡೂ ಬೇಡ. ಗುಗ್ಗೆ ಇದ್ದರೇ ಅವರಿಗೆ ಪರೀಕ್ಷೆಗೆ ಏನಾದರೂ ಸಿಗುವುದು.

ಗಿಡಮೂಲಿಕೆಯಿಂದಲೇ ಪೂರ್ತಿ ವಾಸಿಯಾಗುತ್ತಾ?

ಬೆಕ್ಕಿಗೆ ಕೇಡಿಲ್ಲದೆ, ನುಸಿಯನ್ನು ಖಚಿತವಾಗಿ ಸಾಯಿಸುವ ಸೊಪ್ಪು, ಬೇರು, ಬೀಜ ಯಾವುದೂ ಇಲ್ಲ. ನುಸಿಯನ್ನು ಸಾಯಿಸುವಷ್ಟು ಖಾರ ಇರುವ ಮೂಲಿಕೆಗಳೆಲ್ಲ ಬೆಕ್ಕಿಗೂ ವಿಷ. ಬೆಕ್ಕಿಗೆ ಸೌಮ್ಯವಾಗಿರುವವು ನುಸಿಗೂ ಸೌಮ್ಯ.

ಗಿಡದಿಂದ ಬಂದದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಒಂದೇ: ಏನೂ ಬೆರೆಸದ ಸಾದಾ ಅಡುಗೆ ಎಣ್ಣೆ. ಅದು ಮದ್ದಾಗಿ ಕೆಲಸ ಮಾಡುವುದಿಲ್ಲ. ಒಣಗಿ ಗಟ್ಟಿಯಾದ ಗುಗ್ಗೆಯನ್ನು ಮೆತ್ತಗೆ ಮಾಡಿ ಹೊರಗೆ ತರುತ್ತದೆ, ನುಸಿಯ ಮೈ ಮುಚ್ಚಿ ಉಸಿರು ಕಟ್ಟಿಸುತ್ತದೆ, ತುರಿಕೆಗೆ ಸ್ವಲ್ಪ ತಂಪು ಕೊಡುತ್ತದೆ. ಮೊಟ್ಟೆಗಳಿಗೆ ಎಣ್ಣೆಯಿಂದ ಹೆಚ್ಚೇನೂ ಆಗುವುದಿಲ್ಲ, ಅವು ಚರ್ಮಕ್ಕೆ ಅಂಟಿಕೊಂಡಿರುತ್ತವೆ. ಹಾಗಾಗಿ ವಾರಗಟ್ಟಲೆ ಬಿಡದೆ ಮಾಡಬೇಕು, ಮಾಡಿದರೂ ಎಲ್ಲ ಬೆಕ್ಕಿಗೂ ಗುಣವಾಗುತ್ತದೆ ಅನ್ನುವ ಭರವಸೆ ಇಲ್ಲ. ನಮ್ಮ ಸಲಹೆ ಇಷ್ಟು: ಶುಚಿ ಮಾಡಲು ಎಣ್ಣೆ, ಸಾಯಿಸಲು ಡಾಕ್ಟರ ಔಷಧಿ.

ಮನುಷ್ಯರಿಗೆ, ಹಸುವಿಗೆ ಆಗುವ ಮದ್ದು ಬೆಕ್ಕಿಗೆ ಯಾಕೆ ಆಗಲ್ಲ?

ಬೆಕ್ಕಿನ ಯಕೃತ್ತಿನ (ಲಿವರ್) ಕೆಲಸವೇ ಬೇರೆ. ಮನುಷ್ಯ, ನಾಯಿ, ಹಸುವಿನ ಯಕೃತ್ತು ಲವಂಗದೆಣ್ಣೆಯಂಥವುಗಳಲ್ಲಿರುವ ಫೀನಾಲ್ ಥರದ ವಸ್ತುಗಳಿಗೆ ಗ್ಲುಕುರಾನಿಕ್ ಆಮ್ಲ ಜೋಡಿಸಿ, ನೀರಲ್ಲಿ ಕರಗುವಂತೆ ಮಾಡಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಅದಕ್ಕೆ ಬೇಕಾದ ಒಂದು ಮುಖ್ಯ ಕಿಣ್ವ ಬೆಕ್ಕಿನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಮ್ಮ ಮೈಯಿಂದ ಕೆಲವು ಗಂಟೆಗಳಲ್ಲಿ ಹೋಗುವ ವಸ್ತು ಬೆಕ್ಕಿನ ಮೈಯಲ್ಲಿ ದಿನಗಟ್ಟಲೆ ಉಳಿಯುತ್ತದೆ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲಿನ ಅರ್ಧ ಮಾತ್ರೆಯೂ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಅದಕ್ಕೂ ಇದೇ ಕಾರಣ.

ಇದರ ಮೇಲೆ ಬೆಕ್ಕಿನ ಸ್ವಭಾವ. ಹಸುವಿನ ಮೈಗೆ ಹಚ್ಚಿದ್ದು ಮೈಮೇಲೇ ಇರುತ್ತದೆ. ಬೆಕ್ಕು ಕಿವಿಯಿಂದ ಇಳಿದ ಎಣ್ಣೆಯನ್ನು ಮುಂಗಾಲಿಗೆ ಸವರಿಕೊಂಡು ಆ ಕಾಲನ್ನು ನೆಕ್ಕಿ ಮುಗಿಸುತ್ತದೆ. ಕಿವಿಗೆ ಹಾಕಿದ್ದೆಲ್ಲ ಹೊಟ್ಟೆಗೂ ಹೋಗುತ್ತದೆ ಅಂತಲೇ ಲೆಕ್ಕ ಹಾಕಿ.

ಯಾವ ಎಣ್ಣೆ ಒಳ್ಳೆಯದು? ಗಾಣದ ಎಣ್ಣೆ ಆಗುತ್ತಾ?

ಕೊಬ್ಬರಿ ಎಣ್ಣೆ, ಆಲಿವ್ ಎಣ್ಣೆ, ಸಿಹಿ ಬಾದಾಮಿ ಎಣ್ಣೆ ಈ ಮೂರರಲ್ಲಿ ಯಾವುದಾದರೂ ಸರಿ. ಗಾಣದ್ದೂ ಆಗುತ್ತದೆ, ಆದರೆ ತಳದಲ್ಲಿ ಗಸಿ ಇರಬಾರದು, ಮುಗ್ಗುಲು ವಾಸನೆ ಬಂದಿರಬಾರದು. ತೆಳುವಾದ ಬಿಳಿ ಬಟ್ಟೆಯಲ್ಲಿ ಸೋಸಿ, ತೊಳೆದು ಒಣಗಿಸಿದ ಸಣ್ಣ ಬಾಟಲಿಗೆ 30 ಮಿಲಿಯಷ್ಟು ಬೇರೆ ಇಟ್ಟುಕೊಳ್ಳಿ. ಅದು ಬೆಕ್ಕಿಗೇ ಮೀಸಲಾಗಿರಲಿ.

ಕೊಬ್ಬರಿ ಎಣ್ಣೆಯಲ್ಲಿ ಒಂದು ತೊಡಕಿದೆ. ಸುಮಾರು 24-25 ಡಿಗ್ರಿಗಿಂತ ತಂಪಾದರೆ ಅದು ಗಟ್ಟಿಯಾಗುತ್ತದೆ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಮೈಸೂರಿನ ಮನೆಗಳಲ್ಲಿ ಬಾಟಲಿಯೊಳಗೆ ಹೆಪ್ಪುಗಟ್ಟಿರುವುದು ಇದಕ್ಕೇ. ಬೆಕ್ಕಿನ ಮೈ ಬಿಸಿ 38-39 ಡಿಗ್ರಿ, ಹಾಗಾಗಿ ಕಿವಿಯ ಒಳಗೆ ಗಟ್ಟಿಯಾಗುವುದಿಲ್ಲ. ಆದರೆ ಹೊರಗೆ ಹಾಲೆಯ ಕೂದಲಲ್ಲಿ ಹೆಪ್ಪುಗಟ್ಟಿ ಧೂಳು ಹಿಡಿಯುತ್ತದೆ. ಚಳಿಗಾಲದಲ್ಲಿ ಆಲಿವ್ ಅಥವಾ ಬಾದಾಮಿ ಎಣ್ಣೆ ವಾಸಿ.

ತಲೆಗೆ ಹಚ್ಚುವ ಎಣ್ಣೆ ಬೇಡವೇ ಬೇಡ. ಅದರಲ್ಲಿ ಸಾಮಾನ್ಯವಾಗಿ ಸುಗಂಧ, ಕರ್ಪೂರ, ಮೆಂಥಾಲ್ ಏನಾದರೂ ಬೆರೆತಿರುತ್ತದೆ. ಸಾಸಿವೆ ಎಣ್ಣೆ ಉರಿ ಹತ್ತಿಸುತ್ತದೆ. ಹರಳೆಣ್ಣೆ ತುಂಬಾ ಮಂದ, ಕೊಳವೆಯಲ್ಲಿ ಇಳಿಯುವುದಿಲ್ಲ, ನೆಕ್ಕಿದರೆ ಭೇದಿ.

ಎಣ್ಣೆ ಹಾಕುವ ಸರಿಯಾದ ಕ್ರಮ ಹೇಳಿ.

ಮೊದಲು ಕಿವಿಯ ರಚನೆ ತಿಳಿದಿರಲಿ. ಬೆಕ್ಕಿನ ಕಿವಿಯ ಕೊಳವೆ ನೇರ ಒಳಗೆ ಹೋಗುವುದಿಲ್ಲ. ಮೇಲಿಂದ ಕೆಳಗೆ ಇಳಿದು, ಅಲ್ಲಿಂದ ತಲೆಯ ಒಳಭಾಗದ ಕಡೆಗೆ ಅಡ್ಡ ತಿರುಗುತ್ತದೆ. ಕಿವಿ ತಮಟೆ ಇರುವುದು ಆ ಅಡ್ಡ ಕೊಳವೆಯ ಕೊನೆಯಲ್ಲಿ. ಇಯರ್ ಬಡ್ಸ್ ಹಾಕಿದರೆ ಗುಗ್ಗೆಯನ್ನು ಆ ತಿರುವಿನ ಆಚೆಗೆ ತಳ್ಳಿ ಜಡಿದ ಹಾಗೆ ಆಗುತ್ತದೆ, ಬೆಕ್ಕು ಕೊಸರಿದರೆ ಗಾಯವೂ ಆಗುತ್ತದೆ. ಬಡ್ಸ್, ಕಡ್ಡಿಗೆ ಸುತ್ತಿದ ಹತ್ತಿ, ಪಿನ್ನು ಯಾವುದೂ ಒಳಗೆ ಹೋಗಬಾರದು.

ಬೇಕಾದವು: ಸೂಜಿ ತೆಗೆದ 1 ಮಿಲಿ ಸಿರಿಂಜ್ ಅಥವಾ ಡ್ರಾಪರ್, ಹತ್ತಿ ಉಂಡೆಗಳು, ಹಳೆಯ ದಪ್ಪ ಟವೆಲ್, ಒಂದು ಬಟ್ಟಲು ಬೆಚ್ಚನೆಯ ನೀರು. ಹಿಡಿದುಕೊಳ್ಳಲು ಇನ್ನೊಬ್ಬರು ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಎಣ್ಣೆ ಬಾಟಲಿಯನ್ನು ಬೆಚ್ಚನೆಯ ನೀರಿನಲ್ಲಿ 5 ನಿಮಿಷ ನಿಲ್ಲಿಸಿ. ಒಲೆಯ ಮೇಲೆ ಇಡಬೇಡಿ. ಒಂದು ಹನಿಯನ್ನು ನಿಮ್ಮ ಮಣಿಕಟ್ಟಿನ ಒಳಬದಿಗೆ ಬಿಟ್ಟು ನೋಡಿ, ಬಿಸಿಯೂ ತಣ್ಣಗೂ ಅನಿಸಬಾರದು. ತಣ್ಣನೆಯ ಎಣ್ಣೆ ಬಿದ್ದರೆ ಬೆಕ್ಕಿಗೆ ತಲೆ ಸುತ್ತುತ್ತದೆ, ಮರುದಿನದಿಂದ ಬಾಟಲಿ ಕಂಡರೆ ಮಂಚದಡಿ ಸೇರುತ್ತದೆ.

ಬೆಕ್ಕನ್ನು ಮೇಜಿನ ಮೇಲೆ ಅಥವಾ ಮಡಿಲಲ್ಲಿ ಕೂರಿಸಿ, ಕುತ್ತಿಗೆಯಿಂದ ಕೆಳಗೆ ನಾಲ್ಕೂ ಕಾಲು ಸೇರಿಸಿ ಟವೆಲ್ಲಿನಲ್ಲಿ ಸುತ್ತಿ, ತಲೆ ಮಾತ್ರ ಹೊರಗಿರಲಿ. ಮುಖ ನಿಮ್ಮಿಂದ ಆಚೆಗೆ ತಿರುಗಿರಲಿ. ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆ, ತುಸು ಹಿಂದಕ್ಕೆ ಎತ್ತಿ. ಆಗ ಕೊಳವೆಯ ಬಾಯಿ ತೆರೆದುಕೊಳ್ಳುತ್ತದೆ. ಸಿರಿಂಜಿನ ತುದಿ ಬಾಯಿಯ ಅಂಚಲ್ಲೇ ಇರಲಿ, ಒಳಗೆ ತೂರಿಸಬೇಡಿ. ದೊಡ್ಡ ಬೆಕ್ಕಿಗೆ ಒಂದು ಕಿವಿಗೆ ಅರ್ಧ ಮಿಲಿ ಸಾಕು. ಗೋಡೆಯ ಮೇಲೆ ಜಾರಿ ಇಳಿಯುವಂತೆ ನಿಧಾನವಾಗಿ ಬಿಡಿ. ಒಂದೇ ಸಲ ಒತ್ತಿದರೆ ಒಳಗಿನ ಗಾಳಿ ಗುಳ್ಳೆಯಾಗಿ ತಡೆದು ಎಣ್ಣೆ ವಾಪಸು ಉಕ್ಕುತ್ತದೆ.

ಹಾಲೆಯನ್ನು ಬಿಡದೆ, ಕಿವಿಯ ಬುಡದಲ್ಲಿ ಕೆನ್ನೆಯ ಹಿಂದೆ ಕೈಗೆ ಸಿಗುವ ಗಟ್ಟಿ ಕೊಳವೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಅರ್ಧದಿಂದ ಒಂದು ನಿಮಿಷ ಮೆಲ್ಲಗೆ ಉಜ್ಜಿ. ಒಳಗೆ ಪಚಪಚ ಸದ್ದು ಕೇಳಿದರೆ ಎಣ್ಣೆ ಸರಿಯಾದ ಜಾಗಕ್ಕೆ ಇಳಿದಿದೆ ಅಂತ ಅರ್ಥ. ಸದ್ದಿಲ್ಲದಿದ್ದರೆ ಇನ್ನೂ ಒಂದೆರಡು ಹನಿ ಸೇರಿಸಿ.

ಈಗ ಕೈ ಬಿಡಿ, ಬೆಕ್ಕು ತಲೆ ಒದರಲಿ. ನೀವು ತೆಗೆಯುವುದಕ್ಕಿಂತ ಹೆಚ್ಚು ಗುಗ್ಗೆಯನ್ನು ಅದರ ಒದರುವಿಕೆಯೇ ಹೊರಗೆ ಹಾಕುತ್ತದೆ. ಸುಣ್ಣ ಹೊಡೆದ ಗೋಡೆಯ ಪಕ್ಕ ಈ ಕೆಲಸ ಇಟ್ಟುಕೊಂಡರೆ ಕಲೆ ಹೋಗುವುದಿಲ್ಲ, ಹಿತ್ತಲೇ ಮೇಲು. ಆಮೇಲೆ ಹತ್ತಿಯನ್ನು ಬೆರಳಿಗೆ ಸುತ್ತಿ, ಬೆರಳು ಸಲೀಸಾಗಿ ಹೋಗುವಷ್ಟು ಮಾತ್ರ ಒಳಗೆ ಒರೆಸಿ. ಹಾಲೆಯ ಮಡಿಕೆಗಳಲ್ಲೂ ಗುಗ್ಗೆ ಕೂತಿರುತ್ತದೆ, ಅದನ್ನೂ ತೆಗೆಯಿರಿ. ಇನ್ನೊಂದು ಕಿವಿಗೆ ಹೊಸ ಹತ್ತಿ. ಒರೆಸಿದ ಹತ್ತಿಯನ್ನು ಕಾಗದದಲ್ಲಿ ಕಟ್ಟಿ ಹೊರಗೆ ಹಾಕಿ, ಕೈ ಸಾಬೂನಿನಿಂದ ತೊಳೆಯಿರಿ. ಮುಗಿದ ಕೂಡಲೇ ಬೆಕ್ಕಿಗೆ ಇಷ್ಟವಾದದ್ದನ್ನು ತಿನ್ನಲು ಕೊಡಿ. ನಾಳಿದ್ದು ಮತ್ತೆ ಅದನ್ನು ಹಿಡಿಯಬೇಕು ಅನ್ನುವುದು ನೆನಪಿರಲಿ.

ಎಷ್ಟು ದಿನ ಹಾಕಬೇಕು? ಒಂದು ವಾರಕ್ಕೇ ಕಿವಿ ಚೊಕ್ಕವಾಯಿತು.

ಇಲ್ಲೇ ಹೆಚ್ಚಿನವರ ಕೆಲಸ ಕೆಡುವುದು. ಮೊಟ್ಟೆ ಸುಮಾರು 4 ದಿನಕ್ಕೆ ಒಡೆಯುತ್ತದೆ. ಮರಿ ನುಸಿ ಹಲವು ಹಂತ ದಾಟಿ ಮೊಟ್ಟೆ ಇಡುವ ವಯಸ್ಸಿಗೆ ಬರಲು ಒಟ್ಟು 3 ವಾರ ಹಿಡಿಯುತ್ತದೆ. ದೊಡ್ಡ ನುಸಿ ಸುಮಾರು 2 ತಿಂಗಳು ಬದುಕುತ್ತದೆ. ಒಂದು ವಾರಕ್ಕೆ ಕಿವಿ ಚೊಕ್ಕವಾಗಿ ಕಂಡರೆ ಗುಗ್ಗೆ ಹೋಗಿದೆ ಅಷ್ಟೇ. ಉಳಿದ ಮೊಟ್ಟೆಗಳು ಒಡೆದು, ತಿಂಗಳೊಳಗೆ ಮತ್ತೆ ಅದೇ ಕಥೆ ಶುರು.

ದಿನ ಬಿಟ್ಟು ದಿನದಂತೆ ಕನಿಷ್ಠ 4 ವಾರ ಮಾಡಿ. ಗುಗ್ಗೆ ಬರುವುದು ನಿಂತ ಮೇಲೂ ನಿಲ್ಲಿಸಬೇಡಿ. ದಿನಾ ಎರಡೆರಡು ಸಲ ಸುರಿಯುವುದೂ ತಪ್ಪು. ಕಿವಿ ಸದಾ ಜಿಡ್ಡಾಗಿ ಒದ್ದೆಯಾಗಿದ್ದರೆ ಶಿಲೀಂಧ್ರಕ್ಕೆ ದಾರಿಯಾಗುತ್ತದೆ. 10 ದಿನವಾದರೂ ತುರಿಕೆ ಕಡಿಮೆಯಾಗದಿದ್ದರೆ ಎಣ್ಣೆಯನ್ನೇ ನಂಬಿ ಕೂರಬೇಡಿ.

ಮಕ್ಕಳಿಗೆ ಕಿವಿ ನೋವಾದಾಗ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡ್ತೀವಿ. ಬೆಕ್ಕಿಗೂ ಬಿಡಬಹುದಾ?

ಬಿಡಬಾರದು. ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಗಂಧಕದ ಅಂಶಗಳು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಕ್ಕಿನ ಹಿಮೋಗ್ಲೋಬಿನ್ ಇಂಥ ದಾಳಿಗೆ ಮನುಷ್ಯರದ್ದಕ್ಕಿಂತ ಬಹಳ ಸುಲಭವಾಗಿ ತುತ್ತಾಗುತ್ತದೆ. ಕಾಯಿಸಿದರೂ, ಒಣಗಿಸಿದರೂ ವಿಷ ಹೋಗುವುದಿಲ್ಲ. ಕಿವಿಯಿಂದ ಇಳಿದದ್ದನ್ನು ತಿಂಗಳಿಡೀ ನೆಕ್ಕುತ್ತಾ ಹೋದರೆ ರಕ್ತಹೀನತೆ ಬರಬಹುದು. ಲಕ್ಷಣ ಕೂಡಲೇ ಕಾಣುವುದಿಲ್ಲ. ಕೆಲವು ದಿನ ಬಿಟ್ಟು ವಸಡು ಬಿಳಿಚಿಕೊಳ್ಳುತ್ತದೆ, ಬೆಕ್ಕು ಮಂಕಾಗುತ್ತದೆ, ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಈರುಳ್ಳಿ ರಸಕ್ಕೂ ಇದೇ ಮಾತು.

ಬೇವು? ಅದು ಎಲ್ಲಕ್ಕೂ ಆಗುತ್ತಲ್ಲ?

ಬೇವಿನ ಮೇಲೆ ನಮಗೆಲ್ಲ ಇರುವ ನಂಬಿಕೆ ಸುಳ್ಳಲ್ಲ. ಬೇವು ಕೀಟಗಳ ಬೆಳವಣಿಗೆಯನ್ನು ತಡೆಯುವುದು ನಿಜ. ತೊಂದರೆ ಇರುವುದು ಬೆಕ್ಕಿನ ಕಡೆ. ಹಸಿ ಬೇವಿನೆಣ್ಣೆ ಚರ್ಮಕ್ಕೆ ಉರಿ, ನಾಲಿಗೆಗೆ ವಿಪರೀತ ಕಹಿ. ನೆಕ್ಕಿದ ಬೆಕ್ಕು ಜೊಲ್ಲು ಸುರಿಸುತ್ತದೆ, ವಾಂತಿ ಮಾಡುತ್ತದೆ. ಬೇವಿನ ಕೀಟನಾಶಕ ತಾಕಿದ ಬೆಕ್ಕುಗಳಲ್ಲಿ ನಡುಕ, ಮಂಕು ಕೂಡ ಕಂಡುಬಂದಿವೆ. "ನಾಲ್ಕು ಹನಿಗೆ ಒಂದು ಚಮಚ ಕೊಬ್ಬರಿ ಎಣ್ಣೆ ಬೆರೆಸಿದರೆ ಆಗುತ್ತಾ" ಅಂತ ಕೇಳುವವರಿದ್ದಾರೆ. ಗಾಣದಿಂದ ಗಾಣಕ್ಕೆ ಬೇವಿನೆಣ್ಣೆಯ ಕಡುಪು ಬೇರೆ, ಹಾಗಾಗಿ ಬೆಕ್ಕಿಗೆ ಇಷ್ಟು ಸುರಕ್ಷಿತ ಅನ್ನುವ ಅಳತೆ ಕೊಡಲು ಬರುವುದಿಲ್ಲ. ಮನೆಯ ಬಾಗಿಲಲ್ಲಿ ಬೇವಿನ ಸೊಪ್ಪು ಕಟ್ಟಿದ್ದರೆ ಬೆಕ್ಕಿಗೇನೂ ಆಗುವುದಿಲ್ಲ, ಅದರ ಬಗ್ಗೆ ಹೆದರಿಕೆ ಬೇಡ.

ಕರ್ಪೂರ ಹಾಕಿದ ಕೊಬ್ಬರಿ ಎಣ್ಣೆ, ನೀಲಗಿರಿ ತೈಲ, ಟೀ ಟ್ರೀ ಎಣ್ಣೆ?

ಇವೆಲ್ಲ ಒಂದೇ ಗುಂಪು, ಎಲ್ಲವೂ ಬೇಡ. ಕರ್ಪೂರ ಚರ್ಮದ ಮೂಲಕವೇ ಒಳಗೆ ಇಳಿದು ಫಿಟ್ಸ್ ತರಬಲ್ಲದು. ಊಟಿ ಕಡೆಯಿಂದ ಬರುವಾಗ ತಂದ ನೀಲಗಿರಿ ತೈಲದ ಬಾಟಲಿ ಮೈಸೂರಿನ ಎಷ್ಟೋ ಮನೆಗಳಲ್ಲಿ ಇರುತ್ತದೆ, ನೆಗಡಿಗೆ ನಿಮಗಿರಲಿ. ಲವಂಗದೆಣ್ಣೆಯಲ್ಲಿ, ತುಳಸಿಯ ಎಣ್ಣೆಯಲ್ಲಿ ಯುಜಿನಾಲ್ ಎಂಬ ಫೀನಾಲ್ ಇದೆ. ನಿಂಬೆ, ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ಲಿಮೊನೀನ್ ಇದೆ, ಅದೂ ಬೆಕ್ಕಿಗೆ ಆಗದು. ನೋವಿನ ಬಾಮುಗಳಲ್ಲಿ ಕರ್ಪೂರ, ಮೆಂಥಾಲ್ ಜೊತೆಗೆ ಗಂಧಪುರದ ಎಣ್ಣೆಯೂ ಇರುತ್ತದೆ, ಅದು ಆಸ್ಪಿರಿನ್ ಜಾತಿಗೆ ಸೇರಿದ್ದು.

ಟೀ ಟ್ರೀ ಎಣ್ಣೆಯ ವಿಷಯ ಬೇರೆಯಾಗಿ ಹೇಳಬೇಕು, ಯಾಕೆಂದರೆ ನುಸಿಗೆ ಇದೇ ಮದ್ದು ಅಂತ ಹೇಳಿಕೊಡುವವರು ಬಹಳ. ಏನೂ ಬೆರೆಸದ ಟೀ ಟ್ರೀ ಎಣ್ಣೆ ಕೆಲವೇ ಹನಿ ಮೈಗೆ ಬಿದ್ದರೂ 2ರಿಂದ 12 ಗಂಟೆಯೊಳಗೆ ಬೆಕ್ಕು ತೂರಾಡಬಹುದು, ಮೈ ತಣ್ಣಗಾಗಿ ನಡುಗಬಹುದು, ಪ್ರಜ್ಞೆಯೂ ತಪ್ಪಬಹುದು. ಬೆಕ್ಕುಗಳು ಸತ್ತಿರುವುದೂ ಉಂಟು.

ಉಣ್ಣೆ, ಹೇನಿಗೆ ಹಾಕುವ ಹೊಗೆಸೊಪ್ಪಿನ ಕಷಾಯ, ಸೀತಾಫಲದ ಬೀಜದ ಪುಡಿ?

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಕೈಗೆ ಸುಲಭವಾಗಿ ಸಿಗುತ್ತದೆ, ಅದನ್ನು ನೆನೆಸಿದ ನೀರಿನಿಂದ ದನಗಳ ಉಣ್ಣೆ ತೊಳೆಯುವ ರೂಢಿಯೂ ಇದೆ. ಅದರಲ್ಲಿ ಕೆಲಸ ಮಾಡುವುದು ನಿಕೋಟಿನ್. 3-4 ಕಿಲೋ ತೂಗುವ ಬೆಕ್ಕು ಅದನ್ನು ನೆಕ್ಕಿದರೆ ಗಂಟೆಯೊಳಗೆ ವಾಂತಿ, ನಡುಕ, ಉಸಿರುಕಟ್ಟುವಿಕೆ ಬರಬಹುದು. ಸೀತಾಫಲದ ಬೀಜದ ಪುಡಿ ಕಣ್ಣಿಗೆ ತಾಕಿದರೆ ಕಣ್ಣಿನ ಕಪ್ಪುಗುಡ್ಡೆಯ ಮೇಲ್ಪದರ ಸುಟ್ಟ ಹಾಗೆ ಆಗುತ್ತದೆ. ಹೇನಿಗೆ ಹಚ್ಚಿಕೊಂಡ ಮನುಷ್ಯರಿಗೇ ಹೀಗಾಗುವುದುಂಟು. ಬೆಕ್ಕಿನ ಕಿವಿಗೂ ಕಣ್ಣಿಗೂ ನಾಲ್ಕು ಬೆರಳು ದೂರವಿಲ್ಲ. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಬಜೆಯ ಬೇರೂ ಇದೇ ಸಾಲಿಗೆ ಸೇರಿದ್ದು.

ಲೋಳೆಸರ, ಅರಿಶಿನ, ತುಂಬೆ ರಸ, ವಿನೆಗರ್?

ಲೋಳೆಸರದ ಒಳಗಿನ ತಿಳಿ ಲೋಳೆ ಗಾಯಕ್ಕೆ ತಂಪು, ನುಸಿಗೆ ಏನೂ ಮಾಡದು. ಸಿಪ್ಪೆಯ ಅಡಿಯಿಂದ ಬರುವ ಹಳದಿ ರಸ ಹೊಟ್ಟೆಗೆ ಹೋದರೆ ಭೇದಿ, ಹಾಗಾಗಿ ಬಿಡುವುದೇ ವಾಸಿ. ಅರಿಶಿನದ ಪುಡಿ ಕಿವಿಯಲ್ಲಿ ಎಣ್ಣೆಯ ಜೊತೆ ಸೇರಿ ಹೆಂಟೆಯಾಗುತ್ತದೆ. ತುಂಬೆ, ಲಕ್ಕಿ, ಯಾವ ಸೊಪ್ಪಿನ ಹಸಿ ರಸವಾದರೂ ಕಿವಿಯೊಳಗೆ ನೀರಿನಂಶ ಉಳಿಸಿ ಸೋಂಕು ತರುತ್ತದೆ. ನಿಂಬೆ ರಸ, ವಿನೆಗರ್ ಕೆರೆದು ಹುಣ್ಣಾದ ಕಿವಿಗೆ ಬಿದ್ದರೆ ಆ ನೋವು ನೋಡಲಾಗದು.

ಹಾಲೆಯ ಮೇಲಿನ ಕೆರೆತದ ಗಾಯ ಒರೆಸಲು ಉಪ್ಪುನೀರು ಸಾಕು. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಮಟ್ಟಸವಾಗಿ ಉಪ್ಪು. ಹತ್ತಿಯಲ್ಲಿ ಅದ್ದಿ ಹೊರಗಷ್ಟೇ ಒರೆಸಿ, ಕಿವಿಯೊಳಗೆ ಸುರಿಯಬೇಡಿ.

ಗೊತ್ತಿಲ್ಲದೆ ಹಾಕಿಬಿಟ್ಟಿದ್ದೇವೆ. ಈಗ ಏನು ಮಾಡಬೇಕು?

ಮೊದಲು ನೆಕ್ಕುವುದನ್ನು ತಪ್ಪಿಸಿ, ಟವೆಲ್ಲಿನಲ್ಲಿ ಸುತ್ತಿ ಹಿಡಿದುಕೊಳ್ಳಿ. ಕಿವಿಯ ಹೊರಭಾಗ, ಕುತ್ತಿಗೆ, ಮುಂಗಾಲಿಗೆ ಅಂಟಿದ ಎಣ್ಣೆಯನ್ನು ಬಟ್ಟೆಯಲ್ಲಿ ಒತ್ತಿ ತೆಗೆದು, ಪಾತ್ರೆ ತೊಳೆಯುವ ದ್ರವ ಸಾಬೂನನ್ನು ಉಗುರುಬೆಚ್ಚನೆಯ ನೀರಿನಲ್ಲಿ ಬೆರೆಸಿ ಎರಡು ಸಲ ತೊಳೆಯಿರಿ. ಕಣ್ಣಿಗೂ ಕಿವಿಯ ಒಳಗೂ ಸಾಬೂನು ಹೋಗಬಾರದು. ಒಣಗಿಸಿ ಬೆಚ್ಚಗೆ ಇಡಿ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸುವುದು, ಹಾಲು ಹಾಕುವುದು ಬೇಡ, ಉಸಿರಿನ ಕೊಳವೆಗೆ ಹೋದೀತು. ಹಾಕಿದ ಬಾಟಲಿಯನ್ನು ಜೊತೆಗೇ ತೆಗೆದುಕೊಂಡು ಡಾಕ್ಟರ ಬಳಿ ಹೋಗಿ. ಎಷ್ಟು ಹಾಕಿದಿರಿ, ಎಷ್ಟು ಹೊತ್ತಾಯಿತು ಅನ್ನುವುದನ್ನು ಮುಚ್ಚಿಡದೆ ಹೇಳಿ. ಬೆಕ್ಕು ಸದ್ಯ ಚೆನ್ನಾಗಿಯೇ ಕಂಡರೂ ಕಾಯಬೇಡಿ.

ಯಾವಾಗ ಸಾದಾ ಎಣ್ಣೆಯನ್ನೂ ಹಾಕಬಾರದು?

ತಲೆ ಒಂದು ಕಡೆ ವಾಲಿದ್ದರೆ, ನಡೆಯುವಾಗ ಒಂದೇ ಕಡೆ ಸುತ್ತುತ್ತಿದ್ದರೆ, ಕಣ್ಣುಗುಡ್ಡೆ ಅತ್ತಿತ್ತ ಓಡುತ್ತಿದ್ದರೆ ಹಾಕಬಾರದು. ಕಿವಿ ತಮಟೆ ಹರಿದು ತೊಂದರೆ ಒಳಗಿವಿಗೆ ಇಳಿದಿರಬಹುದು. ಆಗ ಬಿಟ್ಟ ಎಣ್ಣೆ ಒಳಗೇ ಸೇರುತ್ತದೆ. ಕೀವು, ರಕ್ತ ಬರುತ್ತಿದ್ದರೆ, ಮುಟ್ಟಿದರೆ ನೋವಿನಿಂದ ಕಚ್ಚಲು ಬಂದರೂ ಅಷ್ಟೇ. ಕಿವಿಯ ಹಾಲೆ ಊದಿಕೊಂಡು ಮೆತ್ತಗೆ ನೀರು ತುಂಬಿದ ಹಾಗಿದ್ದರೆ, ಒದರಿ ಒದರಿ ಒಳಗಿನ ರಕ್ತನಾಳ ಒಡೆದಿದೆ. ಸೂಜಿಯಲ್ಲಿ ಚುಚ್ಚಿ ತೆಗೆಯಲು ಹೋಗಬೇಡಿ. ಅದನ್ನು ಡಾಕ್ಟರೇ ಖಾಲಿ ಮಾಡಬೇಕು, ಜೊತೆಗೆ ನುಸಿಗೂ ಔಷಧಿ ಆಗಬೇಕು. ಇಲ್ಲದಿದ್ದರೆ ಮತ್ತೆ ತುಂಬುತ್ತದೆ, ಕಿವಿ ಸುರುಟಿಹೋಗುತ್ತದೆ.

ಡಾಕ್ಟರು ಏನು ಕೊಡುತ್ತಾರೆ? ದಿನಾ ಹಿಡಿದು ಹಾಕಬೇಕಾ?

ಈಗ ಬಹುಪಾಲು ಹಾಗೇನೂ ಇಲ್ಲ. ಸೆಲಮೆಕ್ಟಿನ್, ಅಥವಾ ಇಮಿಡಾಕ್ಲೋಪ್ರಿಡ್ ಮತ್ತು ಮಾಕ್ಸಿಡೆಕ್ಟಿನ್ ಸೇರಿದ ಹನಿಗಳನ್ನು ಕುತ್ತಿಗೆಯ ಹಿಂದೆ, ಬೆಕ್ಕಿನ ನಾಲಿಗೆಗೆ ಎಟುಕದ ಜಾಗದಲ್ಲಿ, ಕೂದಲು ಬಗೆದು ಚರ್ಮಕ್ಕೆ ಬಿಡುತ್ತಾರೆ. ಅದು ಮೈಯೊಳಗೆ ಇಳಿದು ಕಿವಿಗೂ ಮುಟ್ಟುತ್ತದೆ, ಬಾಲದ ಬುಡಕ್ಕೆ, ಕುತ್ತಿಗೆಗೆ ಓಡಿಹೋದ ನುಸಿಗೂ ಮುಟ್ಟುತ್ತದೆ. ಎಣ್ಣೆಯಿಂದ ಆಗದೇ ಇರುವುದು ಇದೇ. ಸುತ್ತಿಕೊಂಡು ಮಲಗುವ ಬೆಕ್ಕಿನ ಕಿವಿಯ ನುಸಿ ಬಾಲದ ಬುಡದಲ್ಲಿ ಆಶ್ರಯ ಪಡೆದು ವಾಪಸು ಬರುತ್ತದೆ. ಹೆಚ್ಚಿನ ಬೆಕ್ಕಿಗೆ ಒಂದು ಸಲ ಸಾಕು, ಕೆಲವಕ್ಕೆ ತಿಂಗಳು ಬಿಟ್ಟು ಇನ್ನೊಂದು. ಪ್ರಮಾಣ ತೂಕದ ಮೇಲೆ ಹೋಗುತ್ತದೆ, ಹಾಗಾಗಿ ಬೆಕ್ಕನ್ನು ತೂಗಿಸಿಯೇ ತೆಗೆದುಕೊಳ್ಳಿ.

ಹನಿಯ ಜೊತೆ ಎಣ್ಣೆಯಿಂದ ಶುಚಿ ಮಾಡುವುದಕ್ಕೆ ಅಡ್ಡಿಯಿಲ್ಲ. ಆದರೆ ಕಿವಿಯೊಳಗೇ ಬಿಡುವ ಔಷಧಿ ಬರೆದುಕೊಟ್ಟಿದ್ದರೆ ಎಣ್ಣೆ ನಿಲ್ಲಿಸಿ. ಜಿಡ್ಡಿನ ಪದರ ಇದ್ದರೆ ಔಷಧಿ ಚರ್ಮಕ್ಕೆ ತಾಕುವುದಿಲ್ಲ.

ನಾಯಿಗೆ ತಂದ ಹನಿ ಮಿಕ್ಕಿದೆ. ಕುರಿಗೆ ಕೊಡುವ ಐವರ್ಮೆಕ್ಟಿನ್ ಮನೆಯಲ್ಲಿದೆ. ಅದನ್ನೇ ಹಾಕಬಹುದಾ?

ಎರಡೂ ಅಪಾಯ. ನಾಯಿಯ ಎಷ್ಟೋ ಹನಿಗಳಲ್ಲಿ ಪರ್ಮೆತ್ರಿನ್ ಇರುತ್ತದೆ. ಸೇವಂತಿಗೆಯ ಸಂಬಂಧಿ ಹೂವೊಂದರಲ್ಲಿ ಸಿಗುವ ಪೈರೆಥ್ರಿನ್ನಿನ ಮಾದರಿಯಲ್ಲಿ ಕಾರ್ಖಾನೆಯಲ್ಲಿ ತಯಾರಾದದ್ದು ಅದು, ನಾಯಿಗೆ ಒಗ್ಗುತ್ತದೆ, ಬೆಕ್ಕಿಗೆ ಫಿಟ್ಸ್ ತಂದು ಕೊಲ್ಲುತ್ತದೆ. ನಾಯಿಯ ಉಣ್ಣೆಗೆ ಬಳಸುವ ಅಮಿಟ್ರಾಜ್ ಕೂಡ ಬೆಕ್ಕಿಗಲ್ಲ. ಕುರಿ, ದನದ ಐವರ್ಮೆಕ್ಟಿನ್ ಬಹಳ ಗಡಸು, ಬೆಕ್ಕಿಗೆ ಬೇಕಾದ ಅಳತೆ ಮಿಲಿಯ ಸಣ್ಣ ಭಾಗ. ಕೈ ತಪ್ಪಿ ಹೆಚ್ಚಾದರೆ, ಅದರಲ್ಲೂ ಮರಿಗಳಲ್ಲಿ, ಕಣ್ಣು ಕಾಣದಾಗುತ್ತದೆ, ನಡುಕ ಬರುತ್ತದೆ, ಪ್ರಜ್ಞೆ ತಪ್ಪುತ್ತದೆ. ಡಾಕ್ಟರು ತೂಕ ನೋಡಿ ಚುಚ್ಚಿದರೆ ಅದು ಬೇರೆ ಮಾತು.

ಒಂದು ತಿಂಗಳ ಮರಿಗಳಿಗೆ ಏನು ಮಾಡುವುದು?

ಹನಿ ಔಷಧಿಗಳಿಗೆ ವಯಸ್ಸಿನ ಮಿತಿ ಇದೆ, ಸಾಮಾನ್ಯವಾಗಿ 6ರಿಂದ 9 ವಾರ ತುಂಬಿರಬೇಕು. ಅಲ್ಲಿಯವರೆಗೆ ಸಾದಾ ಎಣ್ಣೆಯೇ ದಾರಿ. ಒಂದು ಕಿವಿಗೆ 0.1 ಮಿಲಿ, ಅಂದರೆ ಒಂದೆರಡು ಹನಿ. ಮೈಗೆಲ್ಲ ಎಣ್ಣೆ ಹತ್ತದಂತೆ ನೋಡಿಕೊಳ್ಳಿ, ಕೂದಲು ಜಿಡ್ಡಾದರೆ ಮರಿಗೆ ಬೇಗ ಚಳಿ ಹಿಡಿಯುತ್ತದೆ. ನುಸಿ ಬಂದಿರುವುದು ತಾಯಿಯಿಂದ, ಹಾಗಾಗಿ ತಾಯಿಯ ಚಿಕಿತ್ಸೆ ಬಿಟ್ಟು ಮರಿಗಷ್ಟೇ ಮಾಡಿದರೆ ಪ್ರಯೋಜನವಿಲ್ಲ. ಹಾಲೂಡುತ್ತಿದೆ ಅನ್ನುವುದನ್ನು ಡಾಕ್ಟರಿಗೆ ತಿಳಿಸಿ.

ಮನೆಯಲ್ಲಿ ಎರಡು ಬೆಕ್ಕು, ಒಂದು ನಾಯಿ ಇದೆ. ಒಂದಕ್ಕೆ ಮಾತ್ರ ತುರಿಕೆ.

ಎಲ್ಲಕ್ಕೂ ಒಂದೇ ದಿನ ಶುರು ಮಾಡಿ. ನಾಯಿಗೂ ಇದೇ ನುಸಿ ಹತ್ತುತ್ತದೆ. ತುರಿಕೆ ಕಾಣದ ಬೆಕ್ಕಿನಲ್ಲೂ ನುಸಿ ಇರಬಹುದು, ಅದೇ ಮತ್ತೆ ಹಂಚುತ್ತದೆ.

ಮೈಯಿಂದ ಬಿದ್ದ ನುಸಿ ತಂಪು, ತೇವ ಇರುವ ಕಡೆ ಕೆಲವು ದಿನದಿಂದ ಎರಡು ವಾರದ ತನಕ ಉಳಿಯಬಲ್ಲದು. ಮಲಗುವ ಬಟ್ಟೆ, ಗೋಣಿತಾಟನ್ನು ವಾರಕ್ಕೊಮ್ಮೆ ಬಿಸಿ ನೀರಲ್ಲಿ ಒಗೆದು ಚುರುಕು ಬಿಸಿಲಲ್ಲಿ ಒಣಗಿಸಿ. ಹಳ್ಳಿಮನೆಗಳಲ್ಲಿ ಬೆಕ್ಕು ಭತ್ತದ ಹುಲ್ಲಿನ ಮೇಲೆ ಮಲಗುವುದು ಸಾಮಾನ್ಯ, ಆ ಜಾಗದ ಹುಲ್ಲು ಬದಲಿಸಿ. ಮನೆಯೆಲ್ಲ ಕೀಟನಾಶಕ ಹೊಡೆಯುವ ಅಗತ್ಯವಿಲ್ಲ, ಅದರಿಂದ ಬೆಕ್ಕಿಗೇ ತೊಂದರೆ.

ಮನುಷ್ಯರಿಗೂ ಅಂಟುತ್ತಾ?

ತೀರಾ ಅಪರೂಪ. ಬೆಕ್ಕನ್ನು ಪಕ್ಕದಲ್ಲೇ ಮಲಗಿಸಿಕೊಳ್ಳುವವರ ಕೈ, ಹೊಟ್ಟೆಯ ಮೇಲೆ ಕೆಲವು ದಿನ ಕೆಂಪು ಗುಳ್ಳೆ ಬರಬಹುದು, ಬೆಕ್ಕಿಗೆ ವಾಸಿಯಾದರೆ ತಾನಾಗಿಯೇ ಹೋಗುತ್ತದೆ. ಮನೆಮಂದಿಗೆಲ್ಲ ಜೋರಾಗಿ ತುರಿಕೆ ಇದ್ದರೆ ಬೆಕ್ಕಿಗೆ ಇರುವುದು ಕಿವಿ ನುಸಿಯಲ್ಲ, ಮೇಲೆ ಹೇಳಿದ ಕಜ್ಜಿ ಇರಬಹುದು. ಬೆಕ್ಕನ್ನು ಪಶು ಆಸ್ಪತ್ರೆಗೆ ಕರೆದೊಯ್ಯಿರಿ, ನೀವು ಚರ್ಮದ ಡಾಕ್ಟರಿಗೆ ತೋರಿಸಿಕೊಳ್ಳಿ.

ಬೀದಿ ಬೆಕ್ಕಿಗೆ ಹೇಗೆ ಮಾಡುವುದು? ಹಿಡಿಯೋಕೇ ಬಿಡಲ್ಲ.

ಎಣ್ಣೆಯ ವಿಚಾರ ಬಿಟ್ಟುಬಿಡಿ. ನಾಲ್ಕು ವಾರ ದಿನ ಬಿಟ್ಟು ದಿನ ಅದು ಕೈಗೆ ಸಿಗುವುದಿಲ್ಲ, ಹಿಡಿಯಲು ಹೋಗಿ ಕಚ್ಚಿಸಿಕೊಂಡರೆ ರೇಬಿಸ್ ಚುಚ್ಚುಮದ್ದಿಗೆ ಓಡಬೇಕಾಗುತ್ತದೆ. ಊಟಕ್ಕೆ ಬಂದು ಬಾಗಿ ತಿನ್ನುತ್ತಿರುವಾಗ ಕುತ್ತಿಗೆಯ ಹಿಂದೆ ಒಂದು ಸಲ ಬಿಡುವ ಹನಿ ಔಷಧಿಯೇ ಇದಕ್ಕೆ ತಕ್ಕದ್ದು. ಬೆಕ್ಕಿನ ಫೋಟೊ ತೋರಿಸಿ, ಅಂದಾಜು ತೂಕ ಹೇಳಿ ಡಾಕ್ಟರಿಂದ ಸರಿಯಾದ ಅಳತೆ ಬರೆಸಿಕೊಳ್ಳಿ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಹಿಡಿಸುವುದಾದರೆ ಅರಿವಳಿಕೆಯಲ್ಲಿ ಇರುವಾಗಲೇ ಕಿವಿ ಪರೀಕ್ಷೆ, ಶುಚಿ, ಔಷಧಿ ಮೂರನ್ನೂ ಮುಗಿಸಿಕೊಡಲು ಮೊದಲೇ ಕೇಳಿಕೊಳ್ಳಿ.